ಪಿಯುಸಿ ಮುಗಿದ ಮೇಲೆ ಏನು? ಮಕ್ಕಳ ಗೊಂದಲ ತಿಳಿಯಲು ಹಾಳೆಯೋ, ಮೊಬೈಲೋ

ಮುಂದೇನು ಓದಬೇಕು ಅಂತ ತೀರ್ಮಾನವಾಗದ ಮಕ್ಕಳು ಎಲ್ಲ ಪಿಯು ಕಾಲೇಜಿನಲ್ಲೂ ಇರುತ್ತಾರೆ. ಅವರ ತೊಡಕು ಎಲ್ಲಿದೆ ಎಂದು ತಿಳಿಯಲು ಪ್ರಶ್ನಾವಳಿ ಕೊಡುವುದುಂಟು. ಅದನ್ನು ಹಾಳೆಯಲ್ಲಿ ಕೊಟ್ಟರೂ ಮೊಬೈಲ್‌ನಲ್ಲಿ ಕೊಟ್ಟರೂ ಒಂದೇ ಉತ್ತರ ಬರುತ್ತದಾ? ಉಪನ್ಯಾಸಕರೇ ಇದನ್ನು ಪರೀಕ್ಷಿಸಿ ನೋಡಬಹುದು.

1. ಪ್ರಶ್ನೆಗಳನ್ನು ಸುಮ್ನೆ ನೀವೇ ಬರೆಯಬೇಡಿ. ಇಸ್ರೇಲಿನ ಮನಶ್ಶಾಸ್ತ್ರಜ್ಞ ಇತಮಾರ್ ಗಾತಿ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ, ವೃತ್ತಿ ಆಯ್ಕೆಯ ತೊಡಕು ಅಳೆಯುವ ಪ್ರಶ್ನಾವಳಿ ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಅದು ಗೊಂದಲವನ್ನು ಹತ್ತು ಬಗೆಯಾಗಿ ಬಿಡಿಸುತ್ತದೆ: ಆಸಕ್ತಿಯೇ ಇಲ್ಲವೇ, ಮಾಹಿತಿ ಸಾಲದೇ, ಮನೆಯವರ ಜೊತೆ ಒಮ್ಮತವಿಲ್ಲವೇ, ಹೀಗೆ. ಪ್ರತಿ ವಾಕ್ಯಕ್ಕೂ 1ರಿಂದ 9ರವರೆಗೆ ಅಂಕ; 1 ಅಂದರೆ ಆ ಮಾತು ನನಗೆ ಹೊಂದುವುದಿಲ್ಲ, 9 ಅಂದರೆ ಚೆನ್ನಾಗಿ ಹೊಂದುತ್ತದೆ. ಕನ್ನಡಕ್ಕೆ ತರುವ ಮೊದಲು ಅನುಮತಿ ಕೇಳಿ.

2. ಎರಡೂ ರೂಪದಲ್ಲಿ ಅದೇ ಮಾತು, ಅದೇ ಕ್ರಮ ಇರಲಿ. ಚಿಕ್ಕ ಮೊಬೈಲ್‌ನಲ್ಲಿ 9 ಅಂಕೆಗಳೂ ಒಟ್ಟಿಗೆ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಕೊನೆಯ ಅಂಕೆಗಳನ್ನು ಹಲವರು ಒತ್ತದೇ ಇರಬಹುದು. ಉತ್ತರಿಸದೆ ಮುಂದೆ ಹೋಗದಂತೆ ಫಾರ್ಮ್ ತಡೆಯಬಾರದು. ಹಾಳೆಯಲ್ಲಿ ಖಾಲಿ ಬಿಡಬಹುದು, ಅಲ್ವಾ?

3. ಚೀಟಿ ಎತ್ತಿ ತರಗತಿಯನ್ನು ಎರಡು ಗುಂಪು ಮಾಡಿ. ಒಂದಕ್ಕೆ ಮೊದಲು ಹಾಳೆ, ಇನ್ನೊಂದಕ್ಕೆ ಮೊದಲು ಮೊಬೈಲ್. ಎರಡು ವಾರ ಬಿಟ್ಟು ಅದಲುಬದಲು ಮಾಡಿ. ಎಲ್ಲರಿಗೂ ಹಾಳೆಯನ್ನೇ ಮೊದಲು ಕೊಟ್ಟರೆ, ಅಂಕ ಬದಲಾದದ್ದು ಮೊಬೈಲ್‌ನಿಂದಲೋ, ಕಳೆದ ದಿನಗಳಿಂದಲೋ ಗೊತ್ತಾಗುವುದಿಲ್ಲ. ಸಿಇಟಿ ಹತ್ತಿರದ ದಿನಗಳು ಬೇಡ.

4. ಎಲ್ಲಿ ಕೂತು ತುಂಬುತ್ತಾರೆ ಎಂಬುದಕ್ಕೆ ಜಾಸ್ತಿ ಗಮನ ಕೊಡಿ. ಎಷ್ಟೋ ಮನೆಗಳಲ್ಲಿ ಮೊಬೈಲ್ ಅಪ್ಪನದೋ ಅಣ್ಣನದೋ ಆಗಿರುತ್ತದೆ. 'ನನ್ನ ಆಯ್ಕೆಗೆ ಮನೆಯವರು ಒಪ್ಪುವುದಿಲ್ಲ' ಎಂಬ ಅರ್ಥದ ವಾಕ್ಯಕ್ಕೆ ಆ ಮೊಬೈಲ್‌ನಲ್ಲಿ ಮಗಳು 9 ಒತ್ತುವುದು ಸುಲಭವಲ್ಲ. ಹಾಳೆಯಲ್ಲಾದರೆ ಪಕ್ಕದ ಬೆಂಚಿನವರ ಕಣ್ಣು. ಆದ್ದರಿಂದ ಎರಡನ್ನೂ ಕಾಲೇಜಿನಲ್ಲೇ, ದೂರ ದೂರ ಕೂರಿಸಿ ಮಾಡಿಸಿ. ಮೊಬೈಲ್ ಬದಲು ಕಂಪ್ಯೂಟರ್ ಲ್ಯಾಬ್ ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರು, ಇಮೇಲ್ ಕೇಳಬೇಡಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿ ನಿಮ್ಮ ಬೀರುವಿನಲ್ಲಿಡಿ.

5. ಒಬ್ಬೊಬ್ಬರ ಎರಡೂ ಉತ್ತರಗಳನ್ನು ಎಕ್ಸೆಲ್‌ನಲ್ಲಿ ಜೋಡಿಸಿ. ಒಟ್ಟು ಅಂಕ ನೋಡಿ ನಿಲ್ಲಬೇಡಿ. ಹತ್ತೂ ಬಗೆಗೆ ಬೇರೆ ಬೇರೆ ಸರಾಸರಿ ತೆಗೆಯಿರಿ. ಸರಾಸರಿ ಒಂದೇ ಇದ್ದರೆ ಸಾಲದು. ಹಾಳೆಯಲ್ಲಿ ಹೆಚ್ಚು ಅಂಕ ಬಂದವರಿಗೇ ಮೊಬೈಲ್‌ನಲ್ಲೂ ಹೆಚ್ಚು ಬಂದಿದೆಯೇ ಎಂಬುದನ್ನು ಕೋರಿಲೇಷನ್ ಹೇಳುತ್ತದೆ. ಯಾವುದರಲ್ಲಿ ಖಾಲಿ ಜಾಸ್ತಿ, ಯಾವುದರಲ್ಲಿ ಉದ್ದಕ್ಕೂ 5, 5 ಎಂದು ಒತ್ತಿದ್ದಾರೆ ಎಂದೂ ಎಣಿಸಿ.

ಗಾತಿ ಮತ್ತು ನೋವಾ ಸಾಕಾ 2001ರಲ್ಲಿ ಇಸ್ರೇಲಿನ ಹೈಸ್ಕೂಲ್ ಮಕ್ಕಳಲ್ಲಿ ಇಂಟರ್‌ನೆಟ್ ಮತ್ತು ಹಾಳೆಯ ಉತ್ತರಗಳನ್ನು ಹೋಲಿಸಿದ್ದರು. ಫಲಿತಾಂಶ ಹೆಚ್ಚುಕಡಿಮೆ ಒಂದೇ ಇತ್ತು. ನಿಮ್ಮಲ್ಲೂ ಹಾಗೇ ಬಂದರೆ ಧೈರ್ಯವಾಗಿ ಆನ್‌ಲೈನ್ ಬಳಸಿ, ಅಂಕ ಕೂಡುವ ಶ್ರಮ ತಪ್ಪುತ್ತದೆ. ಮನೆಯವರ ಕುರಿತ ವಾಕ್ಯಗಳಲ್ಲಿ ಮಾತ್ರ ವ್ಯತ್ಯಾಸ ಕಂಡರೆ, ಆ ಭಾಗವನ್ನು ಯಾವುದು ಹೆಚ್ಚು ಏಕಾಂತ ಕೊಡುತ್ತದೋ ಆ ರೂಪದಲ್ಲೇ ಮಾಡಿಸಿ. ಅಂಕ ಹೆಚ್ಚು ಬಂದ ಮಕ್ಕಳನ್ನು ಅದೇ ವಾರ ಒಬ್ಬೊಬ್ಬರಾಗಿ ಕರೆದು ಮಾತಾಡಿಸಿ.