ಕೊಡಗಿನಲ್ಲಿದ್ದುಕೊಂಡೇ ರೆಕಾರ್ಡಿಂಗ್ ಎಂಜಿನಿಯರ್ ಆಗುವುದು ಹೇಗೆ?

ಹಾಡುವವರ ದನಿಯನ್ನೂ ಬಾರಿಸುವವರ ಪೆಟ್ಟನ್ನೂ ಇದ್ದ ಹಾಗೆ ಹಿಡಿಯುವುದು ರೆಕಾರ್ಡಿಂಗ್. ಹಿಡಿದ ಟ್ರ್ಯಾಕ್‌ಗಳನ್ನು (ಒಂದೊಂದು ಮೈಕಿನ ಮುದ್ರಣ ಒಂದೊಂದು ಟ್ರ್ಯಾಕ್) ಒಂದಕ್ಕೊಂದು ಹೊಂದಿಸಿ, ಮೊಬೈಲ್‌ನಲ್ಲಿ ಕೇಳಿದರೂ ಜೀಪಿನಲ್ಲಿ ಕೇಳಿದರೂ ಮಾತು ತಿಳಿಯುವಂತೆ, ತಾಳ ತಟ್ಟುವಂತೆ ಮಾಡುವುದು ಮಿಕ್ಸಿಂಗ್. ಇದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕು ಎನ್ನುವ ಮಾತು ಅರ್ಧ ನಿಜ. ದೊಡ್ಡ ಸ್ಟುಡಿಯೋದ ಶಿಸ್ತು ಅಲ್ಲೇ ಸಿಗುವುದು. ಆದರೆ ಇಲ್ಲಿನ ಮಳೆ, ಥಂಡಿ, ಕರೆಂಟಿನ ಏರಿಳಿತದ ನಡುವೆ ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ), ಕೊಂಬು (ಊದುವ ಬಾಗಿದ ಕಹಳೆ) ಇವುಗಳನ್ನು ಚೆನ್ನಾಗಿ ಹಿಡಿಯುವ ಕೈ ಕೊಡಗಿನಲ್ಲೇ ಪಳಗಬೇಕು. ಅಂಥವರು ಈ ಜಿಲ್ಲೆಗೆ ಬೇಕಾಗಿದ್ದಾರೆ.

ಮೊದಲು ಕಿವಿ

ಮೊದಲ ಆರು ತಿಂಗಳು ಹೆಚ್ಚು ಖರ್ಚು ಮಾಡಬೇಡಿ. ಒಂದು ಲ್ಯಾಪ್‌ಟಾಪ್, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಸ್ಟುಡಿಯೋ ಹೆಡ್‌ಫೋನ್ (ಸೋನಿ ಎಂಡಿಆರ್ 7506 ಅಥವಾ ಆಡಿಯೋ ಟೆಕ್ನಿಕಾ ಎಂ50ಎಕ್ಸ್ ಥರದ್ದು), ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ರೀಪರ್ ತಂತ್ರಾಂಶ, ಇಷ್ಟು ಸಾಕು. ರೀಪರನ್ನು 60 ದಿನ ಉಚಿತವಾಗಿ ಬಳಸಿ ನೋಡಬಹುದು, ಆಮೇಲೆ ಲೈಸೆನ್ಸ್ ಕೊಳ್ಳಬೇಕು. ಕದ್ದ ತಂತ್ರಾಂಶದ ಜೊತೆ ವೈರಸ್ಸೂ ಬರುತ್ತದೆ, ಗಿರಾಕಿಯ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ.

ದಿನಕ್ಕೆ 20 ನಿಮಿಷ ಒಂದೇ ಅಭ್ಯಾಸ ಮಾಡಿ. ಗೊತ್ತಿರುವ ಒಂದು ಹಾಡು ಹಾಕಿ, ಇಕ್ಯೂನಲ್ಲಿ (ತಗ್ಗು, ತಾರಕ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) 100, 250, 500, 1000, 2000, 4000, 8000 ಹರ್ಟ್ಜ್‌ಗಳಲ್ಲಿ ಯಾವುದಾದರೂ ಒಂದನ್ನು 6 ಡೆಸಿಬೆಲ್ ಏರಿಸಲು ಗೆಳೆಯರಿಗೆ ಹೇಳಿ. ಯಾವುದೆಂದು ನೀವು ಕಂಡುಹಿಡಿಯಬೇಕು. 250ರ ಬಳಿ ದನಿ ಗವ್ವೆನ್ನುತ್ತದೆ, 3000ದ ಆಸುಪಾಸಿನಲ್ಲಿ ಕಿವಿಗೆ ಚುಚ್ಚುತ್ತದೆ. ಹತ್ತಕ್ಕೆ ಎಂಟು ಸಲ ಸರಿ ಹೇಳುವವರೆಗೆ ಬಿಡಬೇಡಿ. ಶಬ್ದ ಮಾತ್ರ ಹದದಲ್ಲಿರಲಿ. ದಿನವಿಡೀ 85 ಡೆಸಿಬೆಲ್ ಮೀರಿ ಕೇಳಿದರೆ ಶ್ರವಣಶಕ್ತಿ ಮೆಲ್ಲಗೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ.

ಕೋಣೆ

ಕೆಲಸ ಕೆಡುವುದು ಮೈಕಿಗಿಂತ ಹೆಚ್ಚಾಗಿ ಕೋಣೆಯಿಂದ. ತಗಡಿನ ಮಾಡಿನ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ಆಗದ ಮಾತು. ಗೋಡೆಗೆ ಸ್ಪಂಜು ಅಂಟಿಸಿದರೆ ಮಳೆಯ ಸದ್ದು ನಿಲ್ಲುವುದಿಲ್ಲ. ಹೊರಗಿನ ಸದ್ದನ್ನು ತಡೆಯುವುದು ಗೋಡೆ, ಮಾಡುಗಳ ಭಾರ ಮತ್ತು ಎರಡು ಪದರಗಳ ನಡುವಿನ ಗಾಳಿಯ ಅಂತರ. ಎರಡಂತಸ್ತಿನ ಆರ್‌ಸಿಸಿ ಮನೆಯಿದ್ದರೆ ಕೆಳಗಿನ ಕೋಣೆ ಆರಿಸಿಕೊಳ್ಳಿ. ಮೇಲಿನ ಸ್ಲ್ಯಾಬೇ ನಿಮ್ಮ ರಕ್ಷಣೆ.

ಕೋಣೆ ಚೌಕವಾಗಿರುವುದು ಬೇಡ. ಎದುರುಬದುರು ಗೋಡೆಗಳ ನಡುವೆ ಒಂದೊಂದು ತಗ್ಗಿನ ಸ್ವರ ನಿಂತು ಮೊಳಗುತ್ತದೆ: 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಜ್, 10 ಅಡಿಗೆ ಸುಮಾರು 56. ಎರಡೂ ಬದಿ 10 ಅಡಿಯೇ ಆದರೆ ಎರಡೂ ಒಂದೇ ಸ್ವರಕ್ಕೆ ಸೇರಿ, ಬೇಸ್ ಎಷ್ಟಿದೆಯೆಂದೇ ತಿಳಿಯುವುದಿಲ್ಲ. 12x10ರ ಕೋಣೆಯಲ್ಲಿ ಮೇಜು ಚಿಕ್ಕ ಗೋಡೆಗೆ ಮುಖ ಮಾಡಿರಲಿ, ನಿಮ್ಮ ತಲೆ ಮುಂದಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿರಲಿ.

ಇನ್ನು ಕೋಣೆಯೊಳಗೆ ಮರುಮೊಳಗುವ ಸದ್ದನ್ನು ತಗ್ಗಿಸಬೇಕು. ಅದಕ್ಕೆ ಮೊಟ್ಟೆಯ ಟ್ರೇಯಿಂದ ಪ್ರಯೋಜನವಿಲ್ಲ, ಬೆಂಕಿಯ ಭಯ ಬೇರೆ. ಕಾಫಿ ಗೋಣಿಚೀಲ ನೇತುಹಾಕಿದರೆ ತಾರಕದ ಸದ್ದು ಮಾತ್ರ ಹೀರಿಕೊಂಡು ಕೋಣೆ ಇನ್ನಷ್ಟು ಗವ್ವೆನ್ನುತ್ತದೆ. ಘನಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ ಹಾಸು) ತನ್ನಿ. 2x4 ಅಡಿಯ ಮರದ ಚೌಕಟ್ಟಿನಲ್ಲಿ 4 ಇಂಚು ದಪ್ಪಕ್ಕೆ ತುಂಬಿ, ಗಾಳಿಯಾಡುವ ಬಟ್ಟೆ ಹೊದಿಸಿ. ಕತ್ತರಿಸುವಾಗ ಮಾಸ್ಕು, ಕೈಗವಸು ಕಡ್ಡಾಯ. ಅಕ್ಕಪಕ್ಕದ ಗೋಡೆಗೆ ಒಂದೊಂದು, ತಲೆಯ ಮೇಲೆ ಒಂದು, ಹಿಂದಿನ ಗೋಡೆಗೆ ಒಂದು, ಎರಡು ಮೂಲೆಗೆ ಎರಡು, ಒಟ್ಟು ಆರು. ಪಕ್ಕದ ಗೋಡೆಯಲ್ಲಿ ಎಲ್ಲಿಡಬೇಕೆಂದು ತಿಳಿಯಲು ಒಬ್ಬರು ಕನ್ನಡಿ ಹಿಡಿದು ಗೋಡೆಗುಂಟ ಸರಿಯಲಿ. ಕೂತಲ್ಲಿಂದ ಸ್ಪೀಕರ್ ಕಂಡ ಜಾಗವೇ ಅದು. ಗೋಡೆಗೆ ತಾಗಿಸದೆ 2 ಇಂಚು ಜಾಗ ಬಿಡಿ. ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ, ತಗ್ಗಿನ ಸ್ವರವನ್ನೂ ಹೆಚ್ಚು ಹೀರುತ್ತದೆ.

ಥಂಡಿ ಮತ್ತು ಕರೆಂಟು

ಸಣ್ಣ ದನಿಯನ್ನೂ ಹಿಡಿಯುವ ಸೂಕ್ಷ್ಮವಾದ ಕಂಡೆನ್ಸರ್ ಮೈಕಿನ ಒಳಗೆ ಕೂದಲಿಗಿಂತ ತೆಳ್ಳಗಿನ ಪೊರೆ ಇದೆ. ಮಳೆಗಾಲದಲ್ಲಿ ಅದರ ಮೇಲೆ ತೇವ ಕೂತರೆ ಚಟಪಟ ಸದ್ದು ಬರುತ್ತದೆ, ಕೆಲವು ಸಲ ದನಿಯೇ ಕುಗ್ಗುತ್ತದೆ. ಮೈಕ್ ಕೆಟ್ಟಿತೆಂದು ಬಿಚ್ಚಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಒಂದು ದಿನ ಇಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ. ಒಲೆಯ ಬಳಿ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಖಂಡಿತ ಬೇಡ. ಡಬ್ಬಿಯೊಳಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಡಿ; ಅದು 40ರಿಂದ 50 ಶೇಕಡಾ ನಡುವೆ ಇರಬೇಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಒಣಗಿಸುವ ಸಮಯ ಬಂತು.

ಟ್ರ್ಯಾಕ್‌ನಲ್ಲಿ ಗುಂಯ್ ಎನ್ನುವ 50 ಹರ್ಟ್ಜ್ ಸದ್ದು ಸೇರಿಕೊಂಡರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ದೋಷ ಹೆಚ್ಚಾಗಿ ಅರ್ಥಿಂಗ್‌ನದು. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿನಿಂದ ಕೊಡಿ, ಇಂಥ ಸದ್ದು ಸೇರದಂತೆ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ, ಅರ್ಥ್ ಗುಂಡಿಯನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೂ ಸದ್ದು ನಿಲ್ಲುತ್ತದೆ, ಆದರೆ ಮೈಕ್ ಹಿಡಿದವರಿಗೆ ಶಾಕ್ ಹೊಡೆಯಬಹುದು. ಯುಪಿಎಸ್ ಕೊಳ್ಳುವಾಗ ಪ್ಯೂರ್ ಸೈನ್ ವೇವ್‌ನದ್ದೇ ಇರಲಿ. ಗುಡುಗಿನ ದಿನ ಕರೆಂಟಿನ ವೈರಿನಷ್ಟೇ ಇಂಟರ್‌ನೆಟ್ ಕೇಬಲ್ಲಿಂದಲೂ ಸಿಡಿಲು ಒಳಗೆ ಬರುತ್ತದೆ. ಎರಡನ್ನೂ ಕಿತ್ತಿಡಿ.

ಸಲಕರಣೆ

ಎರಡು ಇನ್‌ಪುಟ್‌ನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಮನೆಯ ಕೆಲಸಕ್ಕೆ ಸಾಕು. ತಂಡಗಳನ್ನು ರೆಕಾರ್ಡ್ ಮಾಡುವ ಆಸೆಯಿದ್ದರೆ ಎಂಟು ಇನ್‌ಪುಟ್‌ನದ್ದಕ್ಕೆ ಕಾಯಿರಿ. ಒಂದು ಶ್ಯೂರ್ ಎಸ್‌ಎಂ57 ಮೈಕ್, ಒಂದೇ ಮಾದರಿಯ ಎರಡು ಸಣ್ಣ ಕಂಡೆನ್ಸರ್ ಮೈಕ್, ಗಟ್ಟಿ ಸ್ಟ್ಯಾಂಡ್‌ಗಳು, ಐದು ಇಂಚಿನ ಒಂದು ಜೊತೆ ಮಾನಿಟರ್ ಸ್ಪೀಕರ್. ಕೋಣೆ ಸಿದ್ಧವಾಗುವ ಮುಂಚೆ ಸ್ಪೀಕರ್ ತರಬೇಡಿ.

ದುಡಿಕೊಟ್ಟ್‌ಪಾಟ್ ರೆಕಾರ್ಡ್ ಮಾಡುವ ಬಗೆ

ದುಡಿ ಬಾರಿಸುತ್ತ ಹಾಡುವ ಈ ಕೊಡವ ಹಾಡೊಂದನ್ನು ಸರಿಯಾಗಿ ಮುದ್ರಿಸಲು ಬಂದರೆ ಉಳಿದದ್ದು ಸುಲಭ. ನಾಲ್ವರು, ಇಬ್ಬಿಬ್ಬರ ಎರಡು ಜೋಡಿ. ಪ್ರತಿಯೊಬ್ಬರ ಕೈಯಲ್ಲೂ ದುಡಿ, ಜೋಡಿಗಳು ಸರದಿಯ ಮೇಲೆ ಹಾಡುತ್ತವೆ. ಹಾಡು ಮತ್ತು ಪೆಟ್ಟು ಒಂದೇ ದೇಹದಿಂದ ಬರುವುದರಿಂದ ಅವೆರಡನ್ನೂ ಬೇರೆ ಬೇರೆ ಮುದ್ರಿಸಲು ಹೋದರೆ ಹಾಡು ಸಾಯುತ್ತದೆ. ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಕೇಳಿಸುವ ತಾಳದ ಟಿಕ್ ಟಿಕ್) ಕೂಡ ಬೇಡ. ಹಾಡು ಮುಂದೆ ಹೋದಂತೆ ಲಯ ತಾನಾಗಿ ಬಿಗಿಯಾಗುತ್ತದೆ, ಅದನ್ನು ಕಂಪ್ಯೂಟರಿನ ಅಳತೆಗೆ ಕೂರಿಸಬಾರದು.

ಕಾಲ ನೋಡಿ ಹೊರಡಿ. ಜನವರಿಯ ಸುಮಾರಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು, ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸುವ ಡೀಸೆಲ್ ಪಂಪ್, ಸಂಜೆಯಾದರೆ ಜೀರುಂಡೆ. ಸುಗ್ಗಿ ಹಬ್ಬವಾದ ಹುತ್ತರಿಯ ಆಸುಪಾಸಿನಲ್ಲಿ ಹಾಡುವವರ ಗಂಟಲು ಪಳಗಿರುತ್ತದೆ, ಮಳೆಯೂ ಇಳಿದಿರುತ್ತದೆ. ಬೆಳಗಿನ ಹೊತ್ತು ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಮರದ ಮಾಡಿನ ಕೆಳಗಿನ ಜಾಗ ಬಲು ಚೆನ್ನ. ಮರ, ಕಂಬ, ಕೆತ್ತನೆಗಳಲ್ಲಿ ದನಿ ಚೆದುರಿ ಮೃದುವಾಗುತ್ತದೆ.

ಥಂಡಿಗೆ ದುಡಿಯ ಚರ್ಮ ಸಡಿಲಾಗುತ್ತದೆ. ಬೆಚ್ಚಗೆ ಮಾಡಿ ಬಿಗಿಗೊಳಿಸಿದ ಮೇಲೆಯೇ ಗೇನ್ (ಮೈಕಿನ ದನಿ ಎಷ್ಟು ಏರಿಸಬೇಕೆಂಬ ಮಟ್ಟ) ಇಡಿ, ಇಲ್ಲವಾದರೆ ಎರಡನೇ ಹಾಡಿಗೆ ಎಲ್ಲ ಬದಲಾಗಿರುತ್ತದೆ. ಪ್ರತಿ ಜೋಡಿಗೆ ಒಂದು ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕ್, ಬಾಯಿಂದ 60 ಸೆಂ.ಮೀ. ದೂರದಲ್ಲಿ. ಎರಡು ಮೈಕ್‌ಗಳ ನಡುವೆ ಅದರ ಮೂರು ಪಟ್ಟು, ಅಂದರೆ ಕನಿಷ್ಠ 180 ಸೆಂ.ಮೀ. ಇರಲಿ. ದುಡಿ ಜಾಸ್ತಿ ಕೇಳಿದರೆ ಇಕ್ಯೂ ಮುಟ್ಟದೆ ಮೈಕನ್ನು ಹಣೆಯ ಮಟ್ಟಕ್ಕೆ ಎತ್ತಿ, ದುಡಿ ಕಡಿಮೆಯಾದರೆ ಎದೆಯ ಮಟ್ಟಕ್ಕೆ ಇಳಿಸಿ. ತಂಡದಿಂದ 2 ಮೀಟರ್ ಮುಂದೆ ಎರಡು ಸಣ್ಣ ಕಂಡೆನ್ಸರ್‌ಗಳನ್ನು 17 ಸೆಂ.ಮೀ. ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ತೆರೆದಿಡಿ. ಇಡೀ ಚಿತ್ರ ಸಿಗುವುದು ಇವುಗಳಲ್ಲೇ.

'ಹಲೋ ಹಲೋ' ಎಂದು ಹೇಳಿಸಿ ಗೇನ್ ಇಡುವುದು ಎಲ್ಲರೂ ಮಾಡುವ ತಪ್ಪು. ಹಾಡಿನ ಅತ್ಯಂತ ಜೋರಿನ ಭಾಗವನ್ನೇ ಒಂದು ನಿಮಿಷ ಹಾಡಿಸಿ, ದುಡಿಯ ಪೆಟ್ಟು ತಂತ್ರಾಂಶದ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಮೀರದಂತೆ ನೋಡಿಕೊಳ್ಳಿ. ಸೊನ್ನೆ ಮುಟ್ಟಿ ಒಡೆದ ಪೆಟ್ಟನ್ನು ಪೂರ್ತಿ ಸರಿಪಡಿಸಲಾಗುವುದಿಲ್ಲ. ಮುದ್ರಣದ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಜ್‌ಗೆ ಇಡಿ. ಒಂದು ಮೋನೋ (ಒಂದೇ ಮೈಕಿನ) ಟ್ರ್ಯಾಕ್‌ಗೆ ನಿಮಿಷಕ್ಕೆ 8.64 ಎಂಬಿ ಬೇಕು. ಎಂಟು ಟ್ರ್ಯಾಕ್‌ನ ಹತ್ತು ನಿಮಿಷಕ್ಕೆ ಸುಮಾರು 690 ಎಂಬಿ. ಹಾಡು ಶುರುವಾಗುವ ಮುಂಚೆ ಯಾರೂ ಅಲುಗಾಡದೆ ಅರ್ಧ ನಿಮಿಷ ಬರೀ ಜಾಗದ ಸದ್ದು ಮುದ್ರಿಸಿ. ಮುಂದೆ ತುಂಡುಗಳನ್ನು ಜೋಡಿಸುವಾಗ ಅದು ಬೇಕೇ ಬೇಕಾಗುತ್ತದೆ.

ಕೊಂಬು ಸೇರಿದ ವಾಲಗವಾದರೆ ಕೊಂಬಿನ ಬಾಯಿಗೆ ನೇರ ಮೈಕ್ ಹಿಡಿಯಬೇಡಿ. ಒಂದೂವರೆ ಎರಡು ಮೀಟರ್ ದೂರದಲ್ಲಿ, ಓರೆಯಾಗಿ ನಿಲ್ಲಿಸಿ.

ಮಿಕ್ಸಿಂಗ್

ಮೊದಲು ಎಡ ಬಲ ಎರಡೂ ಒಂದಾಗಿ ಕೇಳುವಂತೆ ಮೋನೋ ಒತ್ತಿ, ಸದ್ದು ಏರಿಳಿಸುವ ಫೇಡರ್‌ಗಳಿಂದ ಮಾತ್ರ ಹೊಂದಿಸಿ. ಮೋನೋದಲ್ಲಿ ದನಿ ಟೊಳ್ಳಾದರೆ ಕಾರಣ ಫೇಸ್, ಅಂದರೆ ಒಂದೇ ದನಿ ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಕುಗ್ಗಿಸುವುದು. ಹತ್ತಿರದ ಮೈಕಿಗೂ ತಂಡದ ಮುಂದಿಟ್ಟ ಮೈಕ್ ಜೋಡಿಗೂ 1.4 ಮೀಟರ್ ವ್ಯತ್ಯಾಸವಿದ್ದರೆ ದನಿ ಸುಮಾರು 4 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹತ್ತಿರದ ಟ್ರ್ಯಾಕನ್ನೂ ಅಷ್ಟೇ ತಡವಾಗಿಸಿ, ಅಲೆಯನ್ನು ತಲೆಕೆಳಗು ಮಾಡುವ ಪೋಲಾರಿಟಿ ಗುಂಡಿ ಒತ್ತಿ ಬಿಟ್ಟು, ಯಾವುದು ತುಂಬಿಕೊಂಡು ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಆಮೇಲೆ 80 ಹರ್ಟ್ಜ್ ಕೆಳಗಿನದ್ದನ್ನು ಕತ್ತರಿಸಿ, 250ರಿಂದ 400ರ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ. ಕಂಪ್ರೆಸರ್ (ಜೋರಿನ ಭಾಗವನ್ನು ತಗ್ಗಿಸುವ ಸಾಧನ) 3:1, ಅಟ್ಯಾಕ್ (ಅದು ತಗ್ಗಿಸಲು ತೆಗೆದುಕೊಳ್ಳುವ ಹೊತ್ತು) 20 ಮಿಲಿಸೆಕೆಂಡ್. 5ಕ್ಕಿಂತ ಕೆಳಗಿಳಿಸಿದರೆ ಕೋಲು ಚರ್ಮಕ್ಕೆ ತಾಗುವ ಆ 'ಟಣ್' ಹೊರಟೇಹೋಗುತ್ತದೆ. ರಿವರ್ಬ್ (ಮೇಲಿಂದ ಸೇರಿಸುವ ಮೊಳಗು) ಒಂದು ಸೆಕೆಂಡಿನೊಳಗೆ ಇರಲಿ. ಐನ್‌ಮನೆಯ ಮೊಳಗು ಆಗಲೇ ಟ್ರ್ಯಾಕ್‌ನಲ್ಲಿದೆ. ಯೂಟ್ಯೂಬ್, ಸ್ಪಾಟಿಫೈಗಳು ಸದ್ದನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರು ಕೇಳುತ್ತದೆಂಬ ಅಳತೆ) ಹೊಂದಿಸುವುದರಿಂದ ಅದಕ್ಕಿಂತ ಜೋರು ಮಾಡಿ ಹಾಡನ್ನು ಹಿಂಡಬೇಡಿ, ಟ್ರೂ ಪೀಕ್ (ಅಲೆಯ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬೆಲ್‌ನಲ್ಲಿ ನಿಲ್ಲಲಿ.

ಓದು, ಕೆಲಸ, ದುಡ್ಡು

ಪೂರ್ತಿ ಶಿಕ್ಷಣ ಬೇಕೆನ್ನುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ ಇದೆ, ಪದವಿ ಮುಗಿಸಿದವರಿಗೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಎಂಬ ಚಲನಚಿತ್ರ ಸಂಸ್ಥೆಗಳಿವೆ. ಕೋರ್ಸಿಗೆ ಅನುಕೂಲವಿಲ್ಲದಿದ್ದರೆ ಮೈಸೂರು, ಬೆಂಗಳೂರಿನ ಸ್ಟುಡಿಯೋದಲ್ಲಿ ಒಂದು ವರ್ಷ ಸಹಾಯಕರಾಗಿ ದುಡಿಯಿರಿ. ಕೇಬಲ್ ಸುತ್ತುವುದು, ಟ್ರ್ಯಾಕ್‌ಗೆ ಹೆಸರು ಬರೆಯುವುದು, ಯಾವ ಟೇಕ್ ಚೆನ್ನಾಗಿತ್ತೆಂದು ಗುರುತು ಹಾಕುವುದು ಸಣ್ಣ ಕೆಲಸಗಳಲ್ಲ.

ಊರಿಗೆ ಬಂದ ಮೇಲೆ ಕೊಡವ ಮತ್ತು ಅರೆಭಾಷೆ ಹಾಡು, ಚರ್ಚಿನ ಗಾಯನ, ಶಾಲಾ ವಾರ್ಷಿಕೋತ್ಸವದ ನೃತ್ಯದ ಟ್ರ್ಯಾಕ್, ಹೋಮ್‌ಸ್ಟೇ ವಿಡಿಯೋಗಳ ಮಾತು, ಇವುಗಳಿಂದ ಕೆಲಸ ಶುರುವಾಗುತ್ತದೆ. ಮಳೆಗಾಲವನ್ನು ಹೊರಗಿನವರ ಮಿಕ್ಸಿಂಗ್‌ಗೆ ಇಟ್ಟುಕೊಳ್ಳಿ. ಮೇಲೆ ಹೇಳಿದ ಎಂಟು ಟ್ರ್ಯಾಕ್‌ನ 690 ಎಂಬಿ ಕಳಿಸಲು 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಒಂಬತ್ತು ನಿಮಿಷ, 1 ಎಂಬಿಪಿಎಸ್ ಆದರೆ ಒಂದೂವರೆ ಗಂಟೆ. ಇದನ್ನು ಲೆಕ್ಕಹಾಕಿ ದಿನ ಒಪ್ಪಿಕೊಳ್ಳಿ.

ದರವನ್ನು ಪಕ್ಕದವರನ್ನು ನೋಡಿ ಹೇಳಬೇಡಿ. ಸಲಕರಣೆಗೆ ಒಂದೂವರೆ ಲಕ್ಷ ಹಾಕಿದ್ದರೆ ಮೂರು ವರ್ಷಕ್ಕೆ ಹಂಚಿ, ತಿಂಗಳಿಗೆ ಸುಮಾರು 4,200. ಕರೆಂಟು, ಇಂಟರ್‌ನೆಟ್ 3,000. ನಿಮ್ಮ ಸಂಬಳ 20,000 ಎಂದುಕೊಳ್ಳಿ. ತಿಂಗಳಲ್ಲಿ ಹತ್ತು ದಿನ ದುಡ್ಡಿನ ಕೆಲಸ ಸಿಕ್ಕರೆ ದಿನಕ್ಕೆ 2,720 ರೂಪಾಯಿ ಬೀಳಬೇಕು. ಅರ್ಧ ಮುಂಗಡ, ಎರಡು ತಿದ್ದುಪಡಿ ಉಚಿತ, ಮೂರನೆಯದಕ್ಕೆ ಶುಲ್ಕ ಎಂದು ಮೊದಲೇ ಬರೆದು ಕೊಡಿ. ನೆಂಟರ ಕೆಲಸಕ್ಕೂ ಹೀಗೇ.

ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು ಅದಕ್ಕೆ ಹಣ ಹಾಕಿ ಮಾಡಿಸಿದ ನಿರ್ಮಾಪಕರದ್ದು, ಎಂಜಿನಿಯರ್‌ದಲ್ಲ. ಹಾಡಿದವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಆದ್ದರಿಂದ ಯರವ ಬುಡಕಟ್ಟಿನವರ ಹಾಡಿಯಲ್ಲಾಗಲಿ (ವಸತಿ), ಊರ ದೇವಸ್ಥಾನದಲ್ಲಾಗಲಿ ಹಿರಿಯರ ಹಾಡು ಮುದ್ರಿಸುವಾಗ ಎಲ್ಲಿ ಬಳಸುತ್ತೀರಿ, ಹಣ ಬಂದರೆ ಯಾರಿಗೆಷ್ಟು ಎಂಬುದನ್ನು ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಿರಿ. ಫೈಲನ್ನು ಮೂರು ಕಡೆ ಇಡಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ಫೈಲಿನ ಹೆಸರಲ್ಲಿ ಹಾಡು, ದಿನಾಂಕ, ಊರು, ಹಾಡಿದ ಅಷ್ಟೂ ಜನರ ಹೆಸರು ಬರೆಯಿರಿ, ಒಂದು ಪ್ರತಿ ಹಾಡಿದವರ ಮನೆಗೂ ತಲುಪಿಸಿ.