ಡುರಾಂಗೊದಿಂದ ಮಸಟ್ಲಾನ್, ಒಂದೇ ಹಗಲಲ್ಲಿ, ಆರ್‌ವಿಯಲ್ಲಿ: ನನ್ನ ಅನುಭವ

ಟೆಕ್ಸಾಸ್‌ನಲ್ಲಿ ನಮ್ಮ ಗುಂಪಿನ ಆರ್‌ವಿ (ಅಡುಗೆಮನೆ, ಹಾಸಿಗೆ ಇರುವ ಮನೆ-ಗಾಡಿ) ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. ಮೆಕ್ಸಿಕೊದ ಸಿಯೆರಾ ಮಾದ್ರೆ ಬೆಟ್ಟಸಾಲಿನ ಕಡೆ ಹೋಗಲೇಬೇಡ, ಹೋಗಲೇಬೇಕು ಅಂದರೆ ಟೋಲ್ ರಸ್ತೆ ಬಿಟ್ಟು ಕದಲಬೇಡ. ನಾನು ಅರ್ಧ ಲಿಬ್ರೆ (ಟೋಲ್ ಇಲ್ಲದ ಹಳೇ ರಸ್ತೆ), ಅರ್ಧ ಕ್ವೋಟಾ (ಟೋಲ್ ರಸ್ತೆ) ಅಂತ ಮಾಡಿದೆ. ಬೆಳಿಗ್ಗೆ ಏಳರ ಹೊತ್ತಿಗೆ ಡುರಾಂಗೊ ಬಿಟ್ಟು, ದಾರಿಯಲ್ಲಿ ಅಡುಗೆ ಮಾಡಿಕೊಂಡು ಉಂಡು, ಬಿಸಿಲಿರುವಾಗಲೇ ಪೆಸಿಫಿಕ್ ದಡದಲ್ಲಿದ್ದೆವು. ಗಾಡಿ 24 ಅಡಿಯ ಕ್ಲಾಸ್ ಸಿ (ವ್ಯಾನಿನ ಚಾಸಿ ಮೇಲೆ ಕಟ್ಟಿದ ಮನೆ-ಗಾಡಿ), ಫೋರ್ಡ್ ಚಾಸಿ. ಮೆಕ್ಸಿಕೊ ಪರ್ಮಿಟ್ ಹತ್ತು ವರ್ಷದ್ದು, ಹಳೆಯದೇ ನಡೆಯಿತು.

ಮುಂಚೆ ಒಂದು ಸಲ ಪೂರ್ತಿ ಹಳೇ ಹೆದ್ದಾರಿ 40ರಲ್ಲೇ ಇಳಿದಿದ್ದೆ. ಎಲ್ ಸಾಲ್ಟೊ ದಾಟಿದ ಮೇಲೆ ಎಸ್ಪಿನಾಸೊ ದೆಲ್ ದಿಯಾಬ್ಲೊ (ಸೈತಾನನ ಬೆನ್ನುಮೂಳೆ) ಅನ್ನೋ ಭಾಗ ಶುರುವಾದರೆ ತಿರುವು ಮುಗಿಯುವುದೇ ಇಲ್ಲ. ಎದುರಿಗೆ ಮರದ ಲಾರಿ ಬಂದರೆ ಕನ್ನಡಿ ಮಡಚಬೇಕು. ಕಾರಿಗೆ ಆರು ಗಂಟೆ ಅಂದಿದ್ದರು, ಮಂಜು ಬೇರೆ ಸಿಕ್ಕಿ ಕೊನ್ಕೋರ್ದಿಯಾ ಹತ್ತಿರ ಬರುವಷ್ಟರಲ್ಲಿ ಕತ್ತಲಾಯಿತು. ಕತ್ತಲಲ್ಲಿ ಅಲ್ಲಿನ ಹಳ್ಳಿ ರಸ್ತೆ ಮೇಲೆ ದನ ನಿಂತಿರುತ್ತವೆ, ಟೋಪೆಗೆ (ರಸ್ತೆ ಹಂಪಿಗೆ) ಬಣ್ಣವೂ ಇರಲ್ಲ. ಅಂಥ ಒಂದು ಹಂಪ್ ಮೇಲೆ ಹಾರಿ ಗ್ರೇ ಟ್ಯಾಂಕ್ (ಬಳಸಿದ ನೀರಿನ ಟ್ಯಾಂಕ್) ಪೈಪು ಕಿತ್ತುಹೋಯಿತು. ಅದಕ್ಕೆ 1,500 ಪೆಸೊ ಹತ್ತಿರ, ಊರಿಗೆ ಬಂದ ಮೇಲೆ ಬ್ರೇಕ್ ಪ್ಯಾಡಿಗೆ ಮುನ್ನೂರು ಡಾಲರ್.

ಇನ್ನೊಂದು ಸಲ ಪೂರ್ತಿ 40ಡಿ (ಟೋಲ್ ಹೆದ್ದಾರಿ) ಹಿಡಿದೆ. 2013ರಲ್ಲಿ ತೆರೆದ ರಸ್ತೆ, ಸುಮಾರು 230 ಕಿ.ಮೀ., 60ಕ್ಕೂ ಜಾಸ್ತಿ ಸುರಂಗ. ಮೂರೂವರೆ ಗಂಟೆಯಲ್ಲಿ ಸಮುದ್ರ ಬಂತು, ಆದರೆ ಒಂದು ಹಳ್ಳಿಯೂ ಕಾಣಲಿಲ್ಲ. ದುಡ್ಡಿನ ಕತೆ ಬೇರೆ. ಒಂದು ಬೂತಿನಲ್ಲಿ ಕಾರಿನ ರೇಟು, ಮುಂದಿನದರಲ್ಲಿ ಹಿಂದಿನ ಜೋಡಿ ಚಕ್ರ ನೋಡಿ ಲಾರಿಯ ರೇಟು. ಒಟ್ಟು ಸಾವಿರ ಪೆಸೊ ಮೀರಿತು. ಈಗ ಬೂತಿನಲ್ಲಿ ನಾನು ಒಂದು ಮಾತು ಹೇಳುತ್ತೇನೆ, ಕಾರಿನ ರೇಟೇ ಬೀಳುತ್ತದೆ. ಏನು ಮಾತು ಅಂತ ಬರೆಯಲ್ಲ. ಎಲ್ಲರೂ ಅದನ್ನೇ ಹೇಳಿದರೆ ನಾಳೆಯಿಂದ ನನಗೂ ನಡೆಯಲ್ಲ.

ಈ ಸಲ ಡುರಾಂಗೊದಿಂದ ಎಲ್ ಸಾಲ್ಟೊವರೆಗೆ ಹಳೇ ರಸ್ತೆ, ಸುಮಾರು ನೂರು ಕಿ.ಮೀ. ಹತ್ತುವ ದಾರಿಯೇ ಜಾಸ್ತಿ, ಪೈನ್ ಕಾಡು, ತಿರುವು ಹದವಾಗಿದೆ. ರಸ್ತೆ ಬದಿ ಗುಡಿಸಲಲ್ಲಿ ಬೀನ್ಸ್ ಹಾಕಿದ ಗೊರ್ದಿತಾ (ದಪ್ಪ ಜೋಳದ ರೊಟ್ಟಿ) ಸಿಗುತ್ತದೆ, ನಾಲ್ಕು ಜನಕ್ಕೆ ನೂರೈವತ್ತು ಪೆಸೊ ಆಗಿರಬೇಕು. ಎಲ್ ಸಾಲ್ಟೊದಲ್ಲಿ 40ಡಿ ಸೇರಿದರೆ ಕೆಟ್ಟ ಇಳಿಜಾರೆಲ್ಲ ಸುರಂಗ, ಸೇತುವೆ ಮೇಲೆ ಕಳೆದುಹೋಗುತ್ತದೆ. ಟೋಲಿನಲ್ಲಿ ಇನ್ನೂರು ಪೆಸೊ ಆಸುಪಾಸು ಉಳಿಯಿತು. ಆದರೂ ಇಳಿಜಾರು ಇಳಿಜಾರೇ. ಟೋ-ಹಾಲ್ (ಇಳಿಜಾರಿನಲ್ಲಿ ಎಂಜಿನ್ನೇ ವೇಗ ತಡೆಯುವಂತೆ ಮಾಡುವ ಬಟನ್) ಒತ್ತಿ, ಗೇರ್ ಇಳಿಸಿ, ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವುದು. ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸುವವರ ವಿದ್ಯೆಯೇ ಇದು, ಹೊಸದೇನಿಲ್ಲ. ಹೊಸದು ಅಂದರೆ ನೀರಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊರಟಿದ್ದು. ನೂರೈವತ್ತು ಕೆಜಿ ಹಗುರ! ಕುಡಿಯಲು, ಅಡುಗೆಗೆ 20 ಲೀಟರಿನ ಒಂದು ಗರಾಫೊನ್ (ನೀರಿನ ಕ್ಯಾನ್) ಸಾಕು. ಎಲ್ಲರೂ ನಕ್ಕಿದ್ದು ಇದಕ್ಕೇ, ಈಗ ಅವರೂ ಹಾಗೇ ಮಾಡುತ್ತಿದ್ದಾರೆ.

ಮಧ್ಯೆ ಒಂದು ದೋಸೆ ಪ್ರಯೋಗ. ಚಳಿಗಾಲದಲ್ಲಿ ಡುರಾಂಗೊ ರಾತ್ರಿ ಕೊರೆಯುತ್ತದೆ, 1,900 ಮೀಟರ್ ಹತ್ತಿರದ ಎತ್ತರ ಅಲ್ವಾ, ಹಿಟ್ಟು ಹುಳಿ ಬರಲ್ಲ. ಅದಕ್ಕೆ ಡಬ್ಬಿಯನ್ನು ಎರಡು ಸೀಟಿನ ನಡುವೆ ಎಂಜಿನ್ ಮುಚ್ಚಳದ ಪಕ್ಕ ಟವೆಲ್ ಸುತ್ತಿ ಇಟ್ಟೆವು, ಆ ಮುಚ್ಚಳ ಎಷ್ಟು ಕಾಯುತ್ತದೆ ಅಂತ ಈ ಗಾಡಿ ಇರುವವರಿಗೆ ಹೇಳಬೇಕಿಲ್ಲ. ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ ಡಬ್ಬಿ ತೆಗೆಸಿ, ಮೂಸಿ, ಸುಮ್ನೆ ವಾಪಸ್ ಕೊಟ್ಟ. ಮಸಟ್ಲಾನ್‌ನಲ್ಲಿ ಸೆಟ್ ದೋಸೆ ಚೆನ್ನಾಗಿಯೇ ಎದ್ದಿತು. ಬ್ಯಾಡಗಿ ಮೆಣಸಿನಕಾಯಿ ಬದಲು ಅಲ್ಲಿನ ಗುವಾಹಿಯೊ ಒಣಮೆಣಸು ಹಾಕಿ ಕೆಂಪು ಚಟ್ನಿ ಅರೆದೆವು. ಬಣ್ಣ ಪಾಸು, ಖಾರ ಸಾಲದು.

40ಡಿ ಮೇಲಿನ ಬಲುವಾರ್ತೆ ಸೇತುವೆ ನದಿಯಿಂದ 400 ಮೀಟರ್ ಮೇಲಿದೆ. ಅಡ್ಡಗಾಳಿ ಗಾಡಿಯನ್ನು ತಳ್ಳುತ್ತದೆ, ವೇಗ 60ಕ್ಕೆ ಇಳಿಸಿ. ಅಲ್ಲಿಂದ ಆಚೆ ಸಿನಾಲೋವಾ ರಾಜ್ಯ, ಗಡಿಯಾರ ಒಂದು ಗಂಟೆ ಹಿಂದೆ. ಟೈಮ್ ಸಿಕ್ಕಿತು ಅಂತ ಖುಷಿಪಡಬೇಡಿ, ಗಡಿಯಾರದ ಜೊತೆ ಸೂರ್ಯ ಹಿಂದೆ ಹೋಗಲ್ಲ. ಸಿನಾಲೋವಾ ಬಗ್ಗೆ ಅಮೆರಿಕ ಸರ್ಕಾರದ ಪ್ರಯಾಣ ಎಚ್ಚರಿಕೆ ಇದೆ, ಹೊರಡುವ ವಾರ ಅದನ್ನು ಓದಿ, ಹಗಲಲ್ಲೇ ಮುಗಿಸಿ.

ಪೆಟ್ರೋಲ್ ಡುರಾಂಗೊದಲ್ಲೇ ತುಂಬಿಸಿದ್ದೆ, ಮಾಗ್ನಾ (ಸಾದಾ ಪೆಟ್ರೋಲ್) ಲೀಟರಿಗೆ 24 ಪೆಸೊ ಹತ್ತಿರ ಇತ್ತು. ಇಳಿಯುವಾಗ ಅರವತ್ತು ಲೀಟರ್ ಒಳಗೇ ಆಯಿತು. ವಾಪಸ್ ಹತ್ತುವಾಗ ಈ ಅರ್ಧ-ಅರ್ಧ ಲೆಕ್ಕ ಬೇಡ. ಪೂರ್ತಿ ಕ್ವೋಟಾ ಹಿಡಿದರೂ ತೊಂಬತ್ತು ಲೀಟರ್ ಕುಡಿಯಿತು.