ಚೆಲ್ಲೊ ನುಡಿಸುವ ಅರಸನಿಗಾಗಿ ಬರೆದ ಕ್ವಾರ್ಟೆಟ್: ನಾವು ಕಲಿತ ಬಗೆ

ಮೊಜಾರ್ಟ್‌ನ ಡಿ ಮೇಜರ್ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊಗಾಗಿ ಬರೆದದ್ದು), ಅವನ ಕೃತಿಪಟ್ಟಿಯಲ್ಲಿ ಕೆ. 575, ಚೆಲ್ಲೊ ವಾದಕರೆಲ್ಲ ಆಸೆಪಟ್ಟು ಕೈಗೆತ್ತಿಕೊಳ್ಳುವ ಕೃತಿ. ಬಹುಪಾಲು ಕ್ವಾರ್ಟೆಟ್‌ಗಳಲ್ಲಿ ಮಂದ್ರದ ಸ್ವರ ಹಿಡಿದು ಕೂರುವ ನಮಗೆ ಇಲ್ಲಿ ಮೇಲೇರಿ ಹಾಡಲು ಅವಕಾಶವಿದೆ. ಬರ್ಲಿನ್‌ನಲ್ಲಿ ನಾವು ನಾಲ್ವರು ಹವ್ಯಾಸಿಗಳು ವಾರದ ಕೊನೆಗೆ ಸೇರಿ ನುಡಿಸುತ್ತೇವೆ. ಈ ಸಲ ಇದನ್ನೇ ಕಲಿಯೋಣ ಎಂದು ಹಟ ಹಿಡಿದವನು ನಾನೇ. ತಾಲೀಮು ಮುಂದುವರಿದಂತೆ ಒಂದು ವಿಷಯ ನನಗೆ ಖಚಿತವಾಯಿತು: ಚೆಲ್ಲೊಗಾಗಿ ಬರೆದದ್ದು ಎನ್ನಿಸಿಕೊಂಡ ಈ ಕೃತಿ ನಿಂತಿರುವುದು ವಯೊಲಿನ್‌ಗಿಂತ ತುಸು ದೊಡ್ಡದಾದ, ದನಿ ತಗ್ಗಿನ ವಿಯೋಲದ ಮೇಲೆ.

ಚೆಲ್ಲೊಗೆ ಇಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ಕಾರಣ ಒಬ್ಬ ಅರಸ. 1786ರಲ್ಲಿ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯದ ಪಟ್ಟಕ್ಕೆ ಬಂದ ಎರಡನೇ ಫ್ರೆಡರಿಕ್ ವಿಲಿಯಂ ಸ್ವತಃ ಚೆಲ್ಲೊ ನುಡಿಸುತ್ತಿದ್ದ. ಅವನ ದೊಡ್ಡಪ್ಪ, ಇತಿಹಾಸ ಫ್ರೆಡರಿಕ್ ದಿ ಗ್ರೇಟ್ ಎಂದು ಕರೆಯುವ ಅರಸ, ಕೊಳಲುಗಾರ. ಆ ದೊಡ್ಡಪ್ಪನಿಗಾಗಿ ಅವನ ಗುರು ಕ್ವಾಂಟ್ಸ್ ಸುಮಾರು 300 ಕೊಳಲು ಕಾನ್ಚೆರ್ಟೊಗಳನ್ನು (ವಾದ್ಯವೃಂದದ ಜೊತೆ ಒಂಟಿ ಕೊಳಲು ನುಡಿಸುವ ಕೃತಿಗಳನ್ನು) ಬರೆದಿದ್ದ. ಪಟ್ಟ ಬದಲಾಯಿತು, ಆಸ್ಥಾನದ ವಾದ್ಯವೂ ಬದಲಾಯಿತು. ಹೊಸ ಅರಸನಿಗೆ ಚೆಲ್ಲೊ ಗುರುವಾಗಿದ್ದವನು 1773ರಲ್ಲೇ ಬರ್ಲಿನ್‌ಗೆ ಬಂದಿದ್ದ ಫ್ರೆಂಚ್ ವಾದಕ ಜಾನ್ ಪಿಯೆರ್ ದ್ಯುಪೋರ್. ಅರಸ ಚೆಲ್ಲೊ ನುಡಿಸುತ್ತಾನೆಂದರೆ ರಚನೆಕಾರರು ಸುಮ್ಮನಿರುತ್ತಾರೆಯೇ? ಬೊಕೆರಿನಿ ಸ್ಪೇನ್‌ನಲ್ಲಿದ್ದುಕೊಂಡೇ ಇವನ ಆಸ್ಥಾನಕ್ಕೆ ಕೃತಿಗಳನ್ನು ಕಳಿಸುತ್ತಿದ್ದ. ಹೈಡನ್ 1787ರಲ್ಲಿ ತನ್ನ ಓಪಸ್ 50ರ ಆರು ಕ್ವಾರ್ಟೆಟ್‌ಗಳನ್ನು ಇವನಿಗೆ ಅರ್ಪಿಸಿದ, ಪ್ರತಿಯಾಗಿ ಉಂಗುರ ಪಡೆದ. ಮೊಜಾರ್ಟ್ 1789ರ ವಸಂತದಲ್ಲಿ ಬರ್ಲಿನ್ ಬಳಿಯ ಪಾಟ್ಸ್‌ಡಾಮ್‌ಗೆ ಬಂದು, ದ್ಯುಪೋರ್‌ನ ಒಂದು ಮಿನುಯೆಟ್ (ಮೂರೆಣಿಕೆಯ ನೃತ್ಯಸಂಗೀತ) ಮೇಲೆ ಪಿಯಾನೊಗೆ ಒಂಬತ್ತು ವೇರಿಯೇಷನ್, ಅಂದರೆ ಅದರದೇ ಬದಲಾದ ರೂಪಗಳನ್ನು, ಬರೆದ. ವಿಯೆನ್ನಾಕ್ಕೆ ಮರಳಿದ ಮೇಲೆ, ಜೂನ್‌ನಲ್ಲಿ, ಈ ಡಿ ಮೇಜರ್ ಕ್ವಾರ್ಟೆಟ್ ಮುಗಿಸಿದ. ಆರು ಬರೆಯುವ ಯೋಚನೆಯಿತ್ತು, ಆದದ್ದು ಮೂರು. ಸಾಲದಲ್ಲಿ ಮುಳುಗಿದ್ದ ಆತ ಅಷ್ಟು ಶ್ರಮದ ಕೆಲಸವನ್ನು ಚಿಲ್ಲರೆ ಹಣಕ್ಕೆ ಕೊಟ್ಟುಬಿಡಬೇಕಾಯಿತೆಂದು 1790ರ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಅಚ್ಚಾಗಿ ಬಂದದ್ದು 1791ರ ಡಿಸೆಂಬರಿನಲ್ಲಿ, ಅವನು ತೀರಿಕೊಂಡ ತಿಂಗಳಲ್ಲೇ. ಅದರಲ್ಲಿ ಅರಸನಿಗೆ ಅರ್ಪಣೆಯೇ ಇರಲಿಲ್ಲ. ಈ ಕ್ವಾರ್ಟೆಟ್ ನುಡಿಸುವಾಗಲೆಲ್ಲ ನನಗೆ ಅದು ನೋವಿನ ಸಂಗತಿಯಾಗಿಯೇ ಉಳಿದಿದೆ.

ಇನ್ನು ನುಡಿಸಿದ ವಿಚಾರ. ಮೊದಲ ಭಾಗದ ಆರಂಭದಲ್ಲೇ ಮೊಜಾರ್ಟ್ ಸೊಟ್ಟೊ ವೊಚೆ ಎಂದು ಬರೆದಿದ್ದಾನೆ. ದನಿ ತಗ್ಗಿಸಿ ನುಡಿಸಬೇಕು. ಒಂದನೇ ವಯೊಲಿನ್ ಎತ್ತಿಕೊಂಡ ರಾಗವನ್ನು (ಇಲ್ಲಿ ರಾಗ ಎಂದರೆ ಹಾಡಿನ ಧಾಟಿಯಷ್ಟೇ) ಮುಂದೆ ವಿಯೋಲ ಹಾಡುತ್ತದೆ. ಎ ಮೇಜರ್‌ನ ಎರಡನೇ ರಾಗ ಬರುವಾಗ ಸರದಿ ಚೆಲ್ಲೊದ್ದು. ಅಲ್ಲಿ ಎಡಗೈ ಕತ್ತಿನಿಂದ ಕೆಳಗಿಳಿದು, ಹೆಬ್ಬೆರಳು ತಂತಿಗಳ ಮೇಲೆ ಅಡ್ಡಲಾಗಿ ಒರಗುತ್ತದೆ. ಹೆಬ್ಬೆರಳು ಎಲ್ಲಿ ಕೂತಿತೋ ತಂತಿ ಅಲ್ಲಿಂದಲೇ ಶುರುವಾದಂತೆ ಲೆಕ್ಕ. ಉಳಿದ ಬೆರಳುಗಳಿಗೆ ಸ್ವರಗಳು ಹತ್ತಿರ ಹತ್ತಿರ ಸಿಗುತ್ತವೆ. ಬೆರಳಿನ ಕೆಲಸ ಅಭ್ಯಾಸದಿಂದ ಒಲಿಯುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಚೆಲ್ಲೊ ಮೇಲೇರಿದ ಕ್ಷಣ ತಳ ಹಿಡಿಯುವವರು ಯಾರು? ವಿಯೋಲ. ನಾನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿ ಬೆಳೆದವನು. ತಾರಸ್ಥಾಯಿಗೆ ಹೋದ ಗಾಯಕರಿಗೆ ಕೆಳಗೆ ತಂಬೂರಿ ಕದಲದೆ ಇರುತ್ತದೆಂಬ ಧೈರ್ಯವಿರುತ್ತದೆ. ಇಲ್ಲಿ ಆ ಆಸರೆ ಇಲ್ಲ. ತಳದ ಸ್ವರ ಸರಿಯುತ್ತಲೇ ಇರುತ್ತದೆ, ಅದರ ಜೊತೆಗೆ ನನ್ನ ಸ್ವರದ ಅಳತೆಯೂ ಬದಲಾಗುತ್ತದೆ. ಹಾಗಾಗಿ ನಾವು ಈ ಜಾಗವನ್ನು ಮೊದಲು ಚೆಲ್ಲೊ ಬಿಟ್ಟು ನುಡಿಸಿದೆವು. ಎರಡು ವಯೊಲಿನ್, ಒಂದು ವಿಯೋಲ, ಅಷ್ಟೇ. ನಾನು ಕಮಾನು ಕೆಳಗಿಟ್ಟು ಕೇಳುತ್ತಾ ಕುಳಿತೆ. ಆಮೇಲೆ ವಿಯೋಲದ ಹಾಳೆ ಇಸಿದುಕೊಂಡು ಅದನ್ನೇ ಚೆಲ್ಲೊ ಮೇಲೆ ನುಡಿಸಿದೆ. ನನ್ನ ರಾಗದ ಯಾವ ಸ್ವರದಡಿಯಲ್ಲಿ ಏನಿದೆ ಎಂಬುದು ಕಿವಿಗೆ ಕೂತ ಮೇಲಷ್ಟೇ ರಾಗಕ್ಕೆ ಕೈ ಹಾಕಿದೆ.

ಶ್ರುತಿಗಾಗಿ ಇನ್ನೊಂದು ಅಭ್ಯಾಸ ಮಾಡಿದೆವು. ವಿಯೋಲ ಎ ಸ್ವರವನ್ನು ಕಂಪನವಿಲ್ಲದೆ ಎಳೆದು ಹಿಡಿಯುವುದು, ನಾನು ಅದರ ಮೇಲೆ ಸಿ ಶಾರ್ಪ್ (ಎ ಷಡ್ಜವಾದರೆ ಇದು ಅಂತರ ಗಾಂಧಾರ) ಕೂರಿಸುವುದು. ಟ್ಯೂನರ್ ಆ್ಯಪ್ ಸರಿ ಎಂದು ತೋರಿಸುವ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬೆರಳಿಟ್ಟಾಗ ಎರಡೂ ಸ್ವರ ಒಂದಾಗಿ ಬೆರೆಯುತ್ತವೆ, ಕೋಣೆಯೇ ತುಂಬಿಕೊಳ್ಳುತ್ತದೆ. ಆ ಜಾಗ ಆ್ಯಪ್‌ನಲ್ಲಿ ಸಿಗುವುದಿಲ್ಲ, ಪಕ್ಕದವರ ತಂತಿಯಲ್ಲೇ ಸಿಗಬೇಕು.

ಕೂರುವ ಕ್ರಮವನ್ನೂ ಬದಲಿಸಿದೆವು. ನಮ್ಮ ವಿಯೋಲ ವಾದಕಿ ನನ್ನ ಎಡಗೈ ಕಾಣುವಂತೆ ಪಕ್ಕಕ್ಕೆ ಬಂದು ಕೂತಳು. ನನ್ನ ಕೈ ವಾದ್ಯದ ಭುಜ ದಾಟಿ ಕೆಳಗಿಳಿದು ಮೇಲಿನ ಸ್ವರಗಳಿಗೆ ಬಂದರೆ ತಳದ ಹೊಣೆ ಅವಳದು, ಕೈ ಹಿಂದಕ್ಕೆ ಹೋದರೆ ನನ್ನದು. ಅವಳು ನನಗೆ ಹೇಳಿದ್ದು ಒಂದೇ ಮಾತು: "ನೀನು ಹಾಡುವಾಗ ನನ್ನ ಕಡೆ ತಿರುಗು, ಕೇಳುವವರ ಕಡೆ ಬೇಡ." ಇಡೀ ತಾಲೀಮಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅದು. ಹಾಗೆ ತಿರುಗಿದಾಗ ಕಮಾನಿನ ಒತ್ತಡ ತಾನಾಗಿಯೇ ಇಳಿಯುತ್ತದೆ.

ಚೆಲ್ಲೊದ ಅತಿ ಮೇಲಿನ ಶ್ರುತಿಯ ಎ ತಂತಿಯನ್ನು ತೆಗೆದು ಪ್ರಾಣಿಯ ಕರುಳಿನಿಂದ ಮಾಡಿದ ತಂತಿ ಹಾಕಿದೆ. ಉಕ್ಕಿನ ತಂತಿ ಮೇಲಿನ ಸ್ವರಗಳಲ್ಲಿ ಚೂಪಾಗಿ ಎದ್ದುಬರುತ್ತದೆ, ವಯೊಲಿನ್‌ಗಳು ಅದರೊಂದಿಗೆ ಪೈಪೋಟಿಗೆ ಇಳಿಯುತ್ತವೆ. ಕರುಳಿನ ತಂತಿ ಬಾಯಿ ಬಿಡಲು ಒಂದು ಗಳಿಗೆ ಹೆಚ್ಚು ತೆಗೆದುಕೊಳ್ಳುತ್ತದೆ, ಕಮಾನನ್ನು ನಿಧಾನವಾಗಿ ಎಳೆಯಬೇಕು. ಕೋಣೆ ಬಿಸಿಯಾದರೆ ಶ್ರುತಿ ಇಳಿಯುವುದೂ ಉಂಟು. ಆದರೂ ಅದನ್ನು ಬಿಡಲಿಲ್ಲ. ವಾದ್ಯವನ್ನು ನೆಲಕ್ಕೆ ಊರುವ ಕೆಳಗಿನ ಮೊನೆಯನ್ನು ಒಳಕ್ಕೆ ತಳ್ಳಿ, ಆ ಕಾಲದವರಂತೆ ವಾದ್ಯವನ್ನು ಮೀನಖಂಡಗಳ ನಡುವೆ ಹಿಡಿದೂ ನುಡಿಸಿದೆ. ಮೈ ಓಲಾಡಿಸಲು ಆಗುವುದಿಲ್ಲ, ಇಡೀ ಗಮನ ಬಲಗೈಗೆ ಬರುತ್ತದೆ.

ಈ ಕೃತಿಯ ನಾಲ್ಕು ಭಾಗಗಳಲ್ಲಿ ಮೂರಕ್ಕೆ ಅಲೆಗ್ರೆಟ್ಟೊ (ತುಸು ಚುರುಕು ನಡೆ) ಎಂಬ ಒಂದೇ ಸೂಚನೆ. ಮೂರಕ್ಕೂ ಒಂದೇ ನಡೆ ಕೊಟ್ಟರೆ ಕೇಳುವವರು ಸೋಲುತ್ತಾರೆ. ಕೊನೆಯ ಭಾಗದ ನಡೆಯನ್ನು ನಾವು ಅಲ್ಲಿನ ಟ್ರಿಪ್ಲೆಟ್‌ಗಳಿಂದ (ಮೂರು ಮೂರಾಗಿ ಬರುವ ವೇಗದ ಸ್ವರಗಳಿಂದ) ಗೊತ್ತುಮಾಡಿದೆವು. ಅವು ಎಷ್ಟು ವೇಗದಲ್ಲಿ ಒರಟಾಗದೆ ಉರುಳುತ್ತವೋ ಅದೇ ಆರಂಭದ ನಡೆ. ಆ ಭಾಗವನ್ನು ತೆರೆಯುವುದೂ ಚೆಲ್ಲೊ, ಜೊತೆಗೆ ಮತ್ತೆ ವಿಯೋಲ. ರಾಗ ಮೊದಲ ಭಾಗದ್ದೇ ಬೇರೆ ವೇಷದಲ್ಲಿ ಬಂದಂತಿದೆ. ಎರಡನ್ನೂ ಒಂದರ ಹಿಂದೊಂದು ನುಡಿಸಿ ನೋಡಿ, ಬೆರಳಿಗೇ ಗೊತ್ತಾಗುತ್ತದೆ. ಮೂರನೇ ಭಾಗವಾದ ಮಿನುಯೆಟ್ ಬಗ್ಗೆ ಹೇಳುವುದು ಕಡಿಮೆ. ಅದರ ನಡುವಿನ ಟ್ರಿಯೊ ಎಂಬ ತುಣುಕಿನಲ್ಲಿ ಚೆಲ್ಲೊ ಹಾಡುತ್ತದೆ, ಉಳಿದವರು ಹಗುರವಾಗಿದ್ದರೆ ಸಾಕು.

ಅರಸನನ್ನು ಮೆಚ್ಚಿಸಲು ಬರೆದ ಕೃತಿ ಎಂದು ಇದನ್ನು ಬದಿಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೆಲ್ಲೊವನ್ನು ಅಷ್ಟು ಎತ್ತರಕ್ಕೆ ಏರಿಸಿದ ಮೇಲೆ ವಿಯೋಲಕ್ಕೂ ಎರಡನೇ ವಯೊಲಿನ್‌ಗೂ ಹಾಡಲು ಕೊಡದಿದ್ದರೆ ತಕ್ಕಡಿ ವಾಲುತ್ತಿತ್ತು. ಅದಕ್ಕೇ ಮೊಜಾರ್ಟ್ ನಾಲ್ವರಿಗೂ ಹಂಚಿದ. ನಿಧಾನ ನಡೆಯ ಎರಡನೇ ಭಾಗವಾದ ಆಂಡಾಂಟೆಯಲ್ಲಿ ಒಂದು ಸಣ್ಣ ಸಾಲು ಕೈಯಿಂದ ಕೈಗೆ ದಾಟುವುದನ್ನು ಒಳಗೆ ಕೂತು ಕೇಳಿದರೆ ಯಾರು ಅರಸ ಎಂದು ಗುರುತಿಸಲಾಗದು.

ಹವ್ಯಾಸಿ ತಂಡಗಳು ಇದರಿಂದ ಧಾರಾಳವಾಗಿ ಶುರು ಮಾಡಬಹುದು. ಮೊದಲು ಗಟ್ಟಿ ವಿಯೋಲ ವಾದಕರನ್ನು ಹುಡುಕಿಕೊಳ್ಳಿ. ಈಗ ನಾವು ಎತ್ತಿಕೊಂಡಿರುವುದು ಮುಂದಿನ ಕ್ವಾರ್ಟೆಟ್, ಬಿ ಫ್ಲಾಟ್ ಮೇಜರ್‌ನ ಕೆ. 589. ಅದರ ನಿಧಾನ ಭಾಗವಾದ ಲಾರ್ಗೆಟ್ಟೊ ಚೆಲ್ಲೊದ ರಾಗದಿಂದಲೇ ಆರಂಭ. ಈ ಸಲ ವಿಯೋಲದ ಹಾಳೆಯನ್ನು ಮೊದಲ ದಿನವೇ ನಕಲು ತೆಗೆಸಿಕೊಂಡಿದ್ದೇನೆ.